ಆಕ್ಸಿಲರೇಟರ್ ತುಳಿಯದ ಕಾಲು

"ಅಣಬೆ ಸಾರು ಹಾಕಿ ನನ್ನ ತಮ್ಮನ್ನ ಕೊಂದೇಬಿಟ್ರಲ್ಲ ಇವ್ರು!"

ನಿಯಾಜ್ ಕೂಗಿದ್ದಕ್ಕೆ ನಮ್ಮ ಕಳಸದ ಕ್ಲಿನಿಕ್ಕೇ ನಡುಗಿತು. ಮಂಚದ ಮೇಲೆ ತಮ್ಮ ಉಬೈದ್, ಜೀಪ್ ಡ್ರೈವರ್. ಬೆಳಗಿನಿಂದ ವಾಂತಿ, ಮೈಯೆಲ್ಲ ಕೆಂಡ. ಬಾಗಿಲಲ್ಲಿ ಸಂಸೆಯ ಊಟದ ಹೋಟೆಲಿನ ತಿಮ್ಮಮ್ಮ. ಹತ್ತು ವರ್ಷದಿಂದ ಇಲ್ಲಿ ನರ್ಸ್ ಆಗಿರುವ ನಾನು ಡ್ರಿಪ್ ಹಾಕಿದೆ. ವಿಷವೋ, ಬೇರೇನೋ? ತಪ್ಪು ತಿಳಿದರೆ ಹುಡುಗ ಉಳಿಯುವುದಿಲ್ಲ.

"ನಿನ್ನೆ ಮಧ್ಯಾಹ್ನ ನಾನೂ ಅದೇ ಸಾರು ಉಂಡಿದ್ದೀನಿ ಡಾಕ್ಟ್ರೇ," ತಿಮ್ಮಮ್ಮ ಡಾಕ್ಟರ್ ಧನ್ಯಾ ಅವರ ಮುಂದೆ ಅತ್ತರು.

"ಇವ್ನ ತಟ್ಟೆಗೇ ವಿಷದ್ದು ಬಿದ್ದಿರ್ಬೋದು!"

ನನಗೆ ರೇಗಿತು. "ಸ್ವಲ್ಪ ಬಾಯಿ ಮುಚ್ಕೊಳಿ ಮಾರಾಯ್ರೇ!"

ಡಾಕ್ಟರ್ ಉಬೈದ್‌ನ ಹೊಟ್ಟೆ ಒತ್ತಿ ನೋಡಿದರು. ಮೆತ್ತಗಿತ್ತು. ಆದರೆ ಅವನು ಬಲಗಾಲನ್ನು ಮಡಚಿಯೇ ಇಟ್ಟಿದ್ದ. ನಾನು ನೇರ ಮಾಡಹೋದರೆ ಕಿರುಚಿಬಿಟ್ಟ.

"ಅದು ಜೀಪಿನಡಿ ಮಲಗಿ ರಿಪೇರಿ ಮಾಡಿ ಸೊಂಟ ಉಳುಕಿದ್ದು," ಎಂದ ನಿಯಾಜ್. "ಆಕ್ಸಿಲರೇಟರ್ ತುಳಿಯೋಕೂ ಆಗ್ದೆ ನಿನ್ನೆ ಸ್ಟೇರಿಂಗ್ ನಂಗೇ ಕೊಟ್ಟ."

"ಎಲ್ಲಿ ಕೊಟ್ಟ?" ಡಾಕ್ಟರ್ ಕೇಳಿದರು.

"ಇಲ್ಲೇ, ಸಂಸೆಗೆ ಹೊರಡೋವಾಗ."

"ಅಂದ್ರೆ ಊಟಕ್ಕೆ ಮೊದಲೋ, ಆಮೇಲೋ?"

ನಿಯಾಜ್‌ನ ಕಣ್ಣು ತಿಮ್ಮಮ್ಮನತ್ತ ಹೊರಳಿತು.

"...ಮೊದ್ಲು."

ಡಾಕ್ಟರ್ ಉಬೈದ್‌ನನ್ನು ಎಡಮಗ್ಗುಲಿಗೆ ತಿರುಗಿಸಿ ಬಲತೊಡೆಯನ್ನು ಮೆಲ್ಲಗೆ ಹಿಂದಕ್ಕೆಳೆದರು. "ಯಾ ಅಲ್ಲಾ!" ಎಂದು ಚೀರಿದ.

"ಕಳ್ಳ ಸಿಕ್ಕಿದ. ಅಪೆಂಡಿಕ್ಸ್," ಎಂದರು ಡಾಕ್ಟರ್. "ದೊಡ್ಡ ಕರುಳಿನ ಬುಡದಲ್ಲಿ ಬಾಲದ ಹಾಗೆ ಇರುತ್ತೆ. ಇವನದ್ದು ಕರುಳಿನ ಹಿಂದೆ ಅಡಗಿ, ತೊಡೆ ಎತ್ತೋ ಸ್ನಾಯುವಿನ ಮೇಲೆ ಬಾತುಕೊಂಡಿದೆ. ಅದಕ್ಕೇ ಹೊಟ್ಟೆ ಒತ್ತಿದ್ರೆ ಸಿಕ್ಕಿಬೀಳಲಿಲ್ಲ, ಕಾಲು ಚಾಚಿದ್ರೆ ಸಿಕ್ಕಿಬಿತ್ತು. ನೋವು ಮೊದಲು, ಊಟ ಆಮೇಲೆ, ವಾಂತಿ ಕೊನೆಗೆ. ಸಾರಿನ ತಪ್ಪೇನಿಲ್ಲ. ಒಡೆಯೋದ್ರೊಳಗೆ ಆಪರೇಷನ್ ಆಗ್ಬೇಕು. ಏಳಿ!"

ಆಂಬುಲೆನ್ಸ್ ಎಲ್ಲೋ ದೂರದಲ್ಲಿತ್ತು. ಜೀಪಿನಲ್ಲೇ ಹಾಸಿಗೆ ಹಾಸಿದೆವು. ಸ್ಟೇರಿಂಗ್ ಹಿಡಿದ ನಿಯಾಜ್ ಹಿಂತಿರುಗಿ ನೋಡಿದ.

"ತಿಮ್ಮಕ್ಕಾ, ಹತ್ತಿ. ಅವನ ಕಾಲು ಮಡಚಿ ಹಿಡ್ಕೊಳಿ. ದಾರೀಲಿ ತಿರುವು ಜಾಸ್ತಿ."

ತಿಮ್ಮಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದರು.

ಸಂಜೆ ಚಿಕ್ಕಮಗಳೂರಿನಿಂದ ನಿಯಾಜ್ ಫೋನ್ ಮಾಡಿದ. ಆಪರೇಷನ್ ಮುಗಿದಿತ್ತು. ಒಡೆದಿರಲಿಲ್ಲ.

"ಡಾಕ್ಟ್ರನ್ನ ಒಂದು ಮಾತು ಕೇಳಿ ಸಿಸ್ಟರ್," ಎಂದ. "ತಿಮ್ಮಕ್ಕ ಗಂಜಿ ಮಾಡ್ಕೊಡ್ತಾರಂತೆ. ತಮ್ಮಂಗೆ ಯಾವಾಗ ಕುಡಿಸ್ಬೋದು?"