ತೋಡಿನ ಮೇಲಿನ ಹೊಸ ಸಂಕ

"ಕೆಳಗೆ ನೋಡಬೇಡ, ನನ್ನನ್ನೇ ನೋಡು," ಎಂದು ಜೂಲಿ ಆಚೆ ದಡದಿಂದ ಕೈ ಚಾಚಿದಳು.

ರುಖಿಯಾ ಸಂಕದ ನಡುವೆ ನಿಂತುಬಿಟ್ಟಿದ್ದಳು. ಸಂಕ ಎಂದರೆ ತೋಡಿಗೆ ಅಡ್ಡ ಹಾಕಿದ ಒಂದೇ ಒಂದು ತೆಂಗಿನ ಮರ. ಮಳೆಗೆ ಪಾಚಿ ಹಿಡಿದಿತ್ತು. ಕೆಳಗೆ ತೋಡು ಕೆಂಪಗೆ ತುಂಬಿ ಹರಿಯುತ್ತಿತ್ತು. ಬಲ್ಮಠದ ಶಾಲೆಗೆ ಹೋಗುವ ಓಣಿಯ ಮಕ್ಕಳಿಗೆಲ್ಲ ಇದೇ ದಾರಿ.

"ಕಾಲು ನಡುಗ್ತಾ ಉಂಟು ಮಾರಾಯ್ತಿ," ಎಂದಳು ರುಖಿಯಾ. ಇನ್ನೊಂದು ಹೆಜ್ಜೆ ಇಟ್ಟಳು. ಜಾರಿತು.

ನೀರು ಅವಳನ್ನು ಎಳೆದುಕೊಂಡು ಹೋಯಿತು. ಜೂಲಿ ಕಿರುಚುತ್ತ ದಡದಲ್ಲಿ ಓಡಿದಳು. ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ನೀರಿಗಿಳಿದು ರುಖಿಯಾಳ ಜಡೆ ಹಿಡಿದು ದಡಕ್ಕೆ ಎಳೆದು ಹಾಕಿದರು. ಮೊಣಕಾಲು ಒಡೆದಿತ್ತು. ಪುಸ್ತಕದ ಚೀಲ ನೀರುಪಾಲಾಗಿತ್ತು. ಆದರೆ ಜೀವ ಉಳಿಯಿತು.

ಸಂಜೆ ಜೂಲಿ ಮನೆಯಲ್ಲಿ ಇದನ್ನು ಹೇಳುವಾಗ ಅಣ್ಣ ಎಡ್ವಿನ್ ಊಟ ಬಿಟ್ಟು ಕೇಳಿದ. ಆ ಮರ ಎಷ್ಟು ಉದ್ದ, ದಡದ ಮಣ್ಣು ಕುಸಿದಿದೆಯೇ ಎಂದೆಲ್ಲ ವಿಚಾರಿಸಿದ. ಆಮೇಲೆ ಟಾರ್ಚ್ ಹಿಡಿದು ತಾನೇ ನೋಡಿ ಬಂದ.

ಎಡ್ವಿನ್ ಮನೆಗೆ ವಾಪಸು ಬಂದು ಒಂದು ವರ್ಷವೂ ಆಗಿರಲಿಲ್ಲ. ಗೆಳೆಯರ ಜೊತೆ ಸೇರಿ ಬಂದರಿನ ಗೋದಾಮಿನ ಬೀಗ ಒಡೆದದ್ದಕ್ಕೆ ಕೋರ್ಟು ಅವನನ್ನು ದೂರದ ಊರಿನ ಸುಧಾರಣಾ ಶಾಲೆಗೆ ಕಳುಹಿಸಿತ್ತು. ಈಗ ಅವನು ಇಸಿದೋರ್ ಮೇಸ್ತ್ರಿಯ ಮರಗೆಲಸದ ಶೆಡ್ಡಿಗೆ ಹೋಗುತ್ತಿದ್ದ. ಅಂಥ ಶಾಲೆಗಳಿಂದ ಬಿಡುಗಡೆಯಾದ ಹುಡುಗರಿಗೆ ಅಲ್ಲಿ ಕೆಲಸ ಕಲಿಸುತ್ತಿದ್ದರು. ಶನಿವಾರ ಸಂಜೆ ಹುಡುಗರೆಲ್ಲ ವೃತ್ತವಾಗಿ ಕುಳಿತು ಮಾತಾಡಬೇಕು, ತಮ್ಮ ಲೀಡರನ್ನು ತಾವೇ ಆರಿಸಬೇಕು ಎಂಬುದು ಮೇಸ್ತ್ರಿಯ ನಿಯಮ. ಈ ಸಲ ಅವರು ಎಡ್ವಿನ್‌ನನ್ನು ಆರಿಸಿದ್ದರು.

ಸುಧಾರಣಾ ಶಾಲೆಯ ವಿಷಯವನ್ನು ಜೂಲಿ ಯಾರಿಗೂ ಹೇಳಿರಲಿಲ್ಲ. ಅಣ್ಣ ಅಷ್ಟು ದಿನ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ ಎಂದು ರುಖಿಯಾಳ ಹತ್ತಿರವೂ ಸುಳ್ಳು ಹೇಳಿದ್ದಳು.

ಆ ಶನಿವಾರ ಶೆಡ್ಡಿನಲ್ಲಿ ಎಡ್ವಿನ್ ಸಂಕದ ವಿಷಯ ಎತ್ತಿದ. ನಾವೇ ಗಟ್ಟಿ ಸಂಕ ಕಟ್ಟಿಕೊಡೋಣ ಎಂದ. ಕೆಲವರು ಒಪ್ಪಿದರು, ಕೆಲವರು ನಮ್ಮನ್ನು ಓಣಿಯೊಳಗೆ ಬಿಡುವವರು ಯಾರು ಎಂದು ನಕ್ಕರು. ಕೊನೆಗೆ ಓಣಿಯವರನ್ನೇ ಕೇಳುವುದೆಂದಾಯಿತು.

ಮುನಿಸಿಪಾಲಿಟಿ ಮೆಂಬರು ಚಿತ್ತರಂಜನ ಶೆಟ್ಟರ ಮನೆಯ ಜಗಲಿಯಲ್ಲಿ ಜನ ಸೇರಿದರು. ಜೂಲಿ ರುಖಿಯಾಳ ಪಕ್ಕ ಅಂಗಳದ ಮೂಲೆಯಲ್ಲಿ ನಿಂತಿದ್ದಳು. ಮಳೆ ಮುಗಿದ ಮೇಲೆ ಮುನಿಸಿಪಾಲಿಟಿಯಿಂದ ಏನಾದರೂ ಮಾಡಿಸೋಣ ಎಂದರು ಶೆಟ್ಟರು. ಎಡ್ವಿನ್ ಎದ್ದು ತಮ್ಮ ಯೋಚನೆ ಹೇಳಿದ.

ಅಂಗಡಿಯ ಪಿಯುಸ್ ಬಾಯಿ ಹಾಕಿದ. "ಇವರೆಲ್ಲ ಎಲ್ಲಿಂದ ಬಂದವರು ಅಂತ ಗೊತ್ತುಂಟಲ್ಲ? ನಾಳೆ ನಮ್ಮ ಹಿತ್ತಿಲಲ್ಲಿ ಎಂತ ಕಾಣೆಯಾಗ್ತದೋ."

ಅಣ್ಣ ಈಗ ಹೊರಟುಹೋಗುತ್ತಾನೆ ಎಂದುಕೊಂಡಳು ಜೂಲಿ. ಅವನು ಹೋಗಲಿಲ್ಲ.

"ನಾನು ಬೀಗ ಒಡೆದದ್ದು ನಿಜ," ಎಂದ ಎಡ್ವಿನ್. "ಅದಕ್ಕೆ ಶಿಕ್ಷೆ ಆಯ್ತು. ನಿಮಗೆ ಹೆದರಿಕೆ ಇದ್ರೆ ನಾವು ಕೆಲಸ ಮಾಡುವಾಗ ಬಂದು ಹತ್ತಿರ ನಿಂತ್ಕೊಳ್ಳಿ. ಆದ್ರೆ ಸಂಕ ಈಗಲೇ ಬೇಕು. ಮಳೆ ನಿಲ್ಲುವವರೆಗೆ ಮಕ್ಕಳು ಶಾಲೆಗೆ ಹೋಗದೆ ಇರ್ತಾರಾ? ನನ್ನ ತಂಗಿಯೂ ಅದೇ ಮರದ ಮೇಲೆ ಹೋಗ್ತಾಳೆ."

ಎಲ್ಲರೂ ಜೂಲಿಯ ಕಡೆ ತಿರುಗಿದರು. ಅವಳ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ, "ಅವನು ಬೊಂಬಾಯಿಗೆ ಹೋಗಿರ್ಲಿಲ್ಲ," ಎಂದು ಪಿಸುಗುಟ್ಟಿದಳು.

"ನಂಗೆ ಗೊತ್ತಿತ್ತು," ಎಂದಳು ರುಖಿಯಾ. "ನೀನೇ ಹೇಳ್ತಿ ಅಂತ ಸುಮ್ಮನಿದ್ದೆ."

ಅಷ್ಟರಲ್ಲಿ ಹೆಂಗಸರ ನಡುವಿನಿಂದ ರುಖಿಯಾಳ ತಾಯಿ ಝುಬೈದಾ ಮಾತಾಡಿದರು. "ನಮ್ಮ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹೆಬ್ಬಲಸಿನ ಮರ ಉಂಟು. ಸಂಕಕ್ಕೆ ತೆಕ್ಕೊಂಡು ಹೋಗಿ."

ಆಮೇಲೆ ಯಾರೂ ಬೇಡವೆನ್ನಲಿಲ್ಲ. ಮುನಿಸಿಪಾಲಿಟಿಯ ಒಪ್ಪಿಗೆ ತರುವ ಜವಾಬ್ದಾರಿಯನ್ನು ಶೆಟ್ಟರು ಹೊತ್ತರು.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಕೆಲಸ ಶುರುವಾಯಿತು. ಮರ ಕೊಯ್ದು ತೊಲೆ ಮಾಡಿದರು. ಅದನ್ನು ಕೂರಿಸಲು ಎರಡೂ ದಡಗಳಲ್ಲಿ ಕೆಂಪು ಮುರಕಲ್ಲಿನ ಕಟ್ಟೆ ಕಟ್ಟಿದರು. ಪಿಯುಸ್ ಕೊಡೆ ಹಿಡಿದು ಕಾವಲಿಗೆಂದು ಬಂದು ನಿಂತ. ಮರುವಾರವೂ ಬಂದ. ಆಗ ಕೊಡೆ ಮಡಚಿಟ್ಟು ಕಲ್ಲು ಹೊರಲು ಕೈ ಕೊಟ್ಟ.

ತೊಲೆ ದಾಟಿಸುವ ದಿನ ಮಾತ್ರ ಎಲ್ಲ ತಪ್ಪಿತು. ಅದರ ತುದಿ ಜಾರಿ ನೀರಿಗೆ ಬಿತ್ತು. ಎಡ್ವಿನ್ ತೊಲೆ ಬಿಟ್ಟುಬಿಡಿ ಎಂದು ಕೂಗಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನಿನ್ನ ತಪ್ಪು, ನಿನ್ನ ತಪ್ಪು ಎಂದು ಹುಡುಗರು ಜಗಳಕ್ಕೆ ನಿಂತರು. ಓಣಿಯವರು ಮುಖ ಮುಖ ನೋಡಿಕೊಂಡರು.

ಎಡ್ವಿನ್ ಯಾರನ್ನೂ ಬೈಯಲಿಲ್ಲ. ಎಲ್ಲರನ್ನೂ ಒದ್ದೆ ಹುಲ್ಲಿನ ಮೇಲೆ ವೃತ್ತವಾಗಿ ಕೂರಿಸಿದ. ಒಬ್ಬೊಬ್ಬರನ್ನೇ, ಈಗ ಎಂತ ಮಾಡುವ ಎಂದು ಕೇಳಿದ. ಬೊನಿಫಾಸ್ ಎಂಬವನು ಶೆಡ್ಡಿಗೆ ಹೊಸಬ, ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಎಡ್ವಿನ್ ಅವನ ಸರದಿಗೂ ಕಾದ. ಕೊನೆಗೆ ಬೊನಿಫಾಸ್, ಆಚೆ ದಡದ ಮಾವಿನ ಮರಕ್ಕೆ ತೊಲೆಯ ಹಗ್ಗ ಸುತ್ತಿ ಅಲ್ಲಿಂದ ಎಳೆಯಬಹುದಲ್ಲ ಎಂದ. ಇಸಿದೋರ್ ಮೇಸ್ತ್ರಿ ತಲೆಯಾಡಿಸಿದರು.

ಹುಡುಗರು ಎಳೆದರು. ಓಣಿಯವರೂ ಬಂದು ಹಗ್ಗ ಹಿಡಿದರು. ಜೂಲಿ ಮತ್ತು ರುಖಿಯಾ ಹಗ್ಗದ ತುದಿ ಹಿಡಿದಿದ್ದರು. ತೊಲೆ ನಿಧಾನವಾಗಿ ದಾಟಿ ಕಲ್ಲಿನ ಮೇಲೆ ಕುಳಿತಿತು.

ಹಲಗೆ ಹೊಡೆದು ಕೈಹಿಡಿ ಕೂರಿಸಿದ ದಿನ ಶೆಟ್ಟರು ಮುನಿಸಿಪಾಲಿಟಿಯ ಇಂಜಿನಿಯರನ್ನು ಕರೆದುಕೊಂಡು ಬಂದರು. ಇಂಜಿನಿಯರು ಸಂಕದ ನಡುವೆ ನಿಂತು ಕಾಲಿನಿಂದ ಒತ್ತಿ ನೋಡಿದರು. ಅವರಿಗೆ ಮೆಚ್ಚಿಗೆಯಾಯಿತು. ಇದರ ಲೀಡರ್ ಯಾರು ಎಂದು ಕೇಳಿದರು.

ಎಲ್ಲರೂ ಎಡ್ವಿನ್ ಕಡೆ ನೋಡಿದರು. ಜೂಲಿ ಎದೆಯುಬ್ಬಿಸಿ ನಿಂತಳು.

ಎಡ್ವಿನ್ ಬೊನಿಫಾಸನ ಬೆನ್ನಿಗೆ ಕೈ ಹಾಕಿ ಮೆಲ್ಲಗೆ ಮುಂದೆ ತಂದ. "ತೊಲೆ ದಾಟಿಸಿದ್ದು ಹೇಗೆ ಅಂತ ಇವನು ಹೇಳ್ತಾನೆ ಸಾರ್."

ಬೊನಿಫಾಸ್ ಮೊದಲು ತನ್ನ ಕಾಲನ್ನೇ ನೋಡುತ್ತ ಹೇಳಿದ. ಆಮೇಲೆ ಮಾವಿನ ಮರ ತೋರಿಸಿದ. ತೋರಿಸುವಾಗ ಅವನ ತಲೆ ಮೇಲೆದ್ದಿತು. ಇಂಜಿನಿಯರು ಕೇಳುತ್ತ ಕೇಳುತ್ತ ಅವನ ಜೊತೆ ಆಚೆ ದಡಕ್ಕೆ ನಡೆದರು. ಜನರೂ ಹಿಂದೆಯೇ ಹೋದರು.

ಎಡ್ವಿನ್ ಈಚೆ ದಡದಲ್ಲೇ ಕುಳಿತು ಉಳಿಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಅದರಿಂದ ಅವನಿಗೆ ಬೇಸರವಾದಂತೆಯೂ ಕಾಣಲಿಲ್ಲ. ಆಚೆ ಬೊನಿಫಾಸ್ ಮಾತಾಡುವುದನ್ನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದ.

ಓಡಿಹೋಗಿ, ಕಟ್ಟಿಸಿದ್ದು ನನ್ನ ಅಣ್ಣ ಎಂದು ಇಂಜಿನಿಯರಿಗೆ ಹೇಳಬೇಕೆಂದು ಜೂಲಿಗೆ ಆಸೆಯಾಯಿತು, ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅಣ್ಣನ ಮುಖ ನೋಡಿದಳು. ಹೇಳುವುದು ಬೇಡವೆನಿಸಿತು. ಅವನ ಪಕ್ಕ ಕುಳಿತು ಒಂದು ಉಳಿ ಎತ್ತಿಕೊಂಡು ಒರೆಸತೊಡಗಿದಳು.