ಕೊಳಲಿನವನ ಜಾಗ

"ಮುಗೀತು," ಎಂದುಬಿಟ್ಟಳು ಮಿಯೆನ್.

ಹೇಳಿದ ಕೂಡಲೇ ಅವಳ ಕಿವಿ ಬಿಸಿಯಾಯಿತು. ನದಿ ದಾಟಿಸುವ ಲಾಂಚಿನ ಟಿಕೆಟ್ ಕಿಟಕಿಯ ಆಚೆ ಬೈಕಿನ ಮೇಲೆ ಕೂತಿದ್ದ ಖಾಂಗ್ ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿದ. ಹೆಲ್ಮೆಟ್ ಇಳಿಯುತ್ತಿದ್ದಂತೆ ಜೇಬಿನ ಹಳದಿ ಪೆನ್ಸಿಲು ಕಿವಿಯ ಮೇಲೇರುವುದು ಅವನ ಅಭ್ಯಾಸ. ಇವತ್ತೂ ಏರಿತು.

"ಯಾವ್ದು ಮುಗೀತು? ಆ ದೋಣಿ ಚಿತ್ರಾನಾ?"

"ಹೂಂ. ದೋಣಿದೇ."

"ಕೊಳಲು ಊದೋನೂ ಮುಗಿದ್ನಾ? ಹೋದ ವಾರ ಅವನಿಗೆ ಕಾಲೂ ಇರ್ಲಿಲ್ಲ."

"ಎಲ್ಲಾ ಬಂತು. ಕೈ, ಕಾಲು, ಕೊಳಲು."

ಖಾಂಗ್ ಅವಳನ್ನೇ ನೋಡಿದ. ಅವನು ನಗುವುದು ಬಾಯಿಂದಲ್ಲ. ಮೊದಲು ಎಡಗಣ್ಣಿನ ಮೂಲೆ ಸ್ವಲ್ಪ ಮಡಚಿಕೊಳ್ಳುತ್ತದೆ, ಆಮೇಲೆ ಮಿಕ್ಕದ್ದು. ಆ ಮಡಿಕೆಗಾಗಿ ಮಿಯೆನ್ ದಿನವೂ ಮಧ್ಯಾಹ್ನದ ಲಾಂಚಿನ ಹೊತ್ತಿಗೆ ಕೂದಲು ಸರಿಮಾಡಿಕೊಂಡು ಕೂರುತ್ತಿದ್ದಳು.

"ಹಾಗಾದ್ರೆ ನಾಳೆ ಕೊಡಿ. ಹಬ್ಬದೊಳಗೆ ಫ್ರೇಮ್ ಹಾಕಿಡ್ತೀನಿ. ಅಂಗಡಿಗೆ ಬಂದು ತಗೊಂಡ್ಹೋಗಿ," ಎಂದು ಅವನು ಟಿಕೆಟ್ ಹಿಡಿದು ಲಾಂಚಿನ ಕಡೆ ಬೈಕು ತಿರುಗಿಸಿದ. ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ ಖಾಲಿ ಫ್ರೇಮು ಅಲುಗುತ್ತ ಹೋಯಿತು. ಒಂದು ಮೂಲೆಗೆ ಕೆಂಪು ಬಟ್ಟೆ ಸುತ್ತಿತ್ತು.

ಸುಳ್ಳು ಹೇಳಿದ್ದಾಯಿತು. ಇನ್ನು ಅದನ್ನು ಸಾಕಬೇಕು.

ಆ ಊರಿನ ಎರಡು ದಡಗಳಲ್ಲೂ ದಾರದಲ್ಲಿ ಚಿತ್ರ ಹೊಲಿಯುವ ಕ್ರಾಸ್ ಸ್ಟಿಚ್ ಹುಚ್ಚು ಹಿಡಿದು ವರ್ಷಗಳಾಗಿದ್ದವು. ಮೀನು ಮಾರುವವರು, ಟೀಚರುಗಳು, ಬಸುರಿಯರು, ಎಲ್ಲರ ಮಡಿಲಲ್ಲೂ ಒಂದು ಬಟ್ಟೆ, ಒಂದು ಸೂಜಿ. ಹೊಸ ವರ್ಷದ ಟೆಟ್ ಹಬ್ಬ ಬಂತೆಂದರೆ ಮುಗಿದ ಚಿತ್ರಗಳೆಲ್ಲ ನದಿ ದಾಟಿ ಖಾಂಗ್‌ನ ಫ್ರೇಮ್ ಅಂಗಡಿಗೆ ಹೋಗಿ, ಗಾಜು ತೊಟ್ಟು, ಮನೆಯ ಗೋಡೆಗೆ ಮರಳುತ್ತಿದ್ದವು. ಮಿಯೆನ್ ಒಬ್ಬಳ ಚಿತ್ರ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಏಕೆಂದರೆ ಅವಳು ಒಂದನ್ನೂ ಮುಗಿಸಿರಲಿಲ್ಲ.

ಶುರುಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಟಿಕೆಟ್ ಕೋಣೆಯ ಮೇಜಿನಡಿ ಇದ್ದ ಬಿಸ್ಕತ್ತಿನ ಡಬ್ಬಿ ತೆರೆದರೆ ಆರಂಭಶೂರತ್ವದ ಮ್ಯೂಸಿಯಮ್ಮೇ ಹೊರಬರುತ್ತಿತ್ತು. ನಾಲ್ಕು ಗಂಟೆಯವರೆಗೆ ಮಾತ್ರ ಅಂಕಿ ಇರುವ ಹೂವಿನ ಗಡಿಯಾರ. ಎಂಟು ಕುದುರೆಗಳಲ್ಲಿ ಮೂರಕ್ಕೆ ಬರೀ ಕಾಲು. ಪಕ್ಕದ ಮನೆಯ ಕೂಸಿಗೆಂದು ಶುರುಮಾಡಿದ ದಿಂಬಿನ ಚೀಲ. ಆ ಕೂಸು ಈಗ ಸ್ಕೂಲಿಗೆ ಹೋಗುತ್ತಿದೆ. "ಮದುವೆ ಮಾತೂ ಹಿಂಗೇ ಆಯ್ತಲ್ಲೇ. ನೋಡೋಕೆ ಬಂದೋರು ಎಷ್ಟು ಜನ, ಮುಗಿದದ್ದು ಎಷ್ಟು," ಎಂದು ಅವಳ ಅಮ್ಮ ಸೊಪ್ಪು ಬಿಡಿಸುತ್ತ ಹೇಳುತ್ತಿದ್ದಳು. ಮಿಯೆನ್‌ಗೆ ಮೂವತ್ತು ಹತ್ತಿರವಾಗಿತ್ತು. ಅಮ್ಮನಿಗೆ ಉತ್ತರ ಕೊಡುವುದನ್ನು ಅವಳು ಬಿಟ್ಟಿದ್ದಳು.

ಈ ಸಲ ಸುಳ್ಳು ಹೇಳಲು ಕಾರಣವಿತ್ತು. ಹಬ್ಬ ಕಳೆದರೆ ಮೇಲ್ಗಡೆ ಕಟ್ಟಿದ ಹೊಸ ಸೇತುವೆ ತೆರೆಯುತ್ತದೆ, ಲಾಂಚು ನಿಲ್ಲುತ್ತದೆ, ಟಿಕೆಟ್ ಕಿಟಕಿಗೆ ಹಲಗೆ ಬೀಳುತ್ತದೆ. ಆಮೇಲೆ ಖಾಂಗ್ ಸೇತುವೆಯ ಮೇಲೆ ಭರ್ರೆಂದು ಹೋಗುತ್ತಾನೆ. ಅಲ್ಲಿ ಯಾವ ಕಿಟಕಿಯಲ್ಲೂ ನಿಲ್ಲಬೇಕಾಗಿಲ್ಲ. ಅವನ ಅಂಗಡಿಯ ಮೆಟ್ಟಿಲು ಹತ್ತಲು ಅವಳಿಗೊಂದು ನೆಪ ಬೇಕಿತ್ತು. ಮುಗಿದ ಚಿತ್ರ ಬಿಟ್ಟರೆ ಬೇರೆ ನೆಪ ಅವಳಿಗೆ ಹೊಳೆಯಲಿಲ್ಲ.

ಚಿತ್ರ ನಿಜವಾಗಿ ಚೆನ್ನಾಗಿತ್ತು. ತಾವರೆ ಕೊಳ, ಮರದ ದೋಣಿ, ಮುಂದೆ ಹುಟ್ಟು ಹಾಕುವ ಹುಡುಗಿ, ಹಿಂದೆ ಕೊಳಲು ಊದುವ ಹುಡುಗ. ತಾವರೆ ಮುಗಿದಿತ್ತು, ಹುಡುಗಿಯೂ ಮುಗಿದಿದ್ದಳು. ಕೊಳಲಿನವನ ಹತ್ತಿರ ಬಂದಾಗ ಸೂಜಿ ಹಾದಿ ತಪ್ಪಿತ್ತು. ಬಟ್ಟೆಯ ಮೇಲೆ ಅಚ್ಚಾಗಿದ್ದ ನೀಲಿ ಅಂಗಿಗೆ ಬದಲು ಅವಳು ಕಂದು ದಾರ ಹಾಕಿದಳು. ಕೂದಲು ಗಿಡ್ಡವಾಯಿತು. ಎಡಗಣ್ಣಿನ ಮೂಲೆಗೆ ಒಂದು ಮಡಿಕೆ ಬಂತು. ಒಂದು ದಿನ ಲಾಂಚಿಗೆ ಹಗ್ಗ ಕಟ್ಟುವ ತಾಮ್ ಮಾಮ ಕಿಟಕಿಯಲ್ಲಿ ಇಣುಕಿ, "ಅರೆ, ಈ ಕೊಳಲಿನವನು ಫ್ರೇಮಿನ ಹುಡುಗನ ಥರಾ ಇದಾನಲ್ಲ," ಎಂದ. ಅವತ್ತೇ ಸಂಜೆ ಅವಳು ಮುಖ, ಅಂಗಿ, ಕೈ, ಎಲ್ಲ ಬಿಚ್ಚಿಹಾಕಿದಳು. ಒಂದು ಚೂರನ್ನು ಮಾತ್ರ ಬಿಚ್ಚಲು ಕೈ ಬರಲಿಲ್ಲ.

ಆದರೂ ದೂರದಿಂದ ನೋಡಿದರೆ ಚಿತ್ರ ಪೂರ್ತಿಯಾಗಿಯೇ ಕಾಣುತ್ತಿತ್ತು. ಈ ಬಟ್ಟೆಗಳು ಬರುವುದೇ ಬಣ್ಣದ ಅಚ್ಚು ಹೊತ್ತು. ಅಚ್ಚಿನ ಮೇಲೆ ಹೊಲಿಯುತ್ತ ಹೋಗುವುದು. ಹೊಲಿಯದ ಕೊಳಲಿನವನೂ ಅಚ್ಚಿನಲ್ಲಿ ನೀಲಿ ಅಂಗಿ ತೊಟ್ಟು ಕೂತೇ ಇದ್ದ. ಗಾಜು ಬಿದ್ದ ಮೇಲೆ ಯಾರು ಮೂಗು ತಾಗಿಸಿ ನೋಡುತ್ತಾರೆ? ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಷ್ಟೇ ಬುದ್ಧಿ.

ಮರುದಿನ ಅವಳು ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿ ಕೊಟ್ಟಳು.

"ತೊಳೆದಿದ್ದೀರಾ?" ಖಾಂಗ್ ಕೇಳಿದ.

ಚಿತ್ರ ಮುಗಿಸಿದವರಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಅದು. ಮಿಯೆನ್ ಒಂದು ಕ್ಷಣ ತಡವರಿಸಿ, "ತೊಳೆದಾಯ್ತು," ಎಂದಳು.

"ಒಣಗಿದೆಯಾ?"

"ಒಣಗದೆ ಕೊಡ್ತೀನಾ? ಮನೆ ಮುಟ್ಟೋವರೆಗೂ ಬಿಚ್ಬೇಡಿ. ಧೂಳು ಕೂರತ್ತೆ."

"ಅಪ್ಪಣೆ," ಎಂದು ಅವನು ಆ ಸುರುಳಿಯನ್ನು ಹಿಂದಿನ ಫ್ರೇಮಿಗೆ ಕಟ್ಟದೆ ಅಂಗಿಯೊಳಗೆ ಎದೆಗೆ ಸೇರಿಸಿಕೊಂಡ. ಅದನ್ನು ಕಂಡು ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಅಂಗಡಿಯಲ್ಲಿ ನಾಮತ್ತೆ ಇದ್ದಾಳೆಂದು ಅವಳಿಗೆ ಗೊತ್ತಿತ್ತು. ಖಾಂಗ್‌ನ ಸೋದರತ್ತೆ, ದೊಡ್ಡ ಗಂಟಲಿನವಳು. ಆದರೆ ನಾಮತ್ತೆ ಯಾರ ಮಾತನ್ನೂ ನಂಬುವವಳಲ್ಲ, ತೊಳೆದು ತಂದದ್ದನ್ನೂ ಫ್ರೇಮಿಗೆ ಮುಂಚೆ ಮತ್ತೊಮ್ಮೆ ಬಿಸಿನೀರಿಗೆ ಹಾಕುತ್ತಾಳೆ ಎನ್ನುವುದು ಊರಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು, ಮಿಯೆನ್ ಒಬ್ಬಳನ್ನು ಬಿಟ್ಟು. ಬಿಸಿನೀರಿಗೆ ಬಿದ್ದರೆ ಅಚ್ಚು ಕರಗುತ್ತದೆ. ಉಳಿಯುವುದು ಹೊಲಿದದ್ದು ಮಾತ್ರ.

ಹಬ್ಬಕ್ಕೆ ಮುಂಚಿನ ರಜೆಯ ದಿನ ಅವಳು ಹೊಸ ರವಿಕೆ ತೊಟ್ಟು, ಬಾಳೆಎಲೆಯಲ್ಲಿ ಕಟ್ಟಿದ ಅಂಟಕ್ಕಿ ಕಡುಬಿನ ಜೋಡಿ ಹಿಡಿದು ನದಿ ದಾಟಿದಳು. ದಾರಿಯುದ್ದಕ್ಕೂ ಚೆಂಡುಹೂವಿನ ಕುಂಡಗಳು. ಅಂಗಡಿಯ ಮುಂದೆ ಏಳೆಂಟು ಹೆಂಗಸರು ನಿಂತು ಬಿದ್ದೂ ಬಿದ್ದೂ ನಗುತ್ತಿದ್ದರು. ತಮಾಷೆ ಏನೆಂದು ಅವಳೂ ಹತ್ತಿರ ಹೋದಳು.

ಬಟ್ಟೆ ಒಣಗಿಸುವ ಹಗ್ಗಕ್ಕೆ ಅವಳ ಚಿತ್ರ ನೇತುಬಿದ್ದಿತ್ತು.

ತಾವರೆಗಳು ನಳನಳಿಸುತ್ತಿದ್ದವು. ಹುಡುಗಿ ಹುಟ್ಟು ಹಿಡಿದು, ನಾಚಿಕೆಯಿಂದ ಹಿಂದೆ ತಿರುಗಿ ನೋಡುತ್ತಿದ್ದಳು. ಅವಳು ನೋಡುತ್ತಿದ್ದ ಕಡೆ ಯಾರೂ ಇರಲಿಲ್ಲ. ಮನುಷ್ಯನ ಆಕಾರದ ಬಿಳಿ ಖಾಲಿ. ಆ ಖಾಲಿಯಲ್ಲಿ, ಕಿವಿ ಇರಬೇಕಾದ ಜಾಗದ ಮೇಲೆ, ಹಳದಿ ದಾರದ ಒಂದು ಪುಟ್ಟ ಪೆನ್ಸಿಲು ಮಾತ್ರ ಓರೆಯಾಗಿ ಕೂತಿತ್ತು.

"ನೀರಿಗೆ ಹಾಕಿದ್ದೇ ತಡ, ಗಂಡು ಕರಗಿಹೋದ," ಎನ್ನುತ್ತಿದ್ದಳು ನಾಮತ್ತೆ, ಸೊಂಟದ ಮೇಲೆ ಕೈಯಿಟ್ಟು. "ನಲವತ್ತು ವರ್ಷದಲ್ಲಿ ಹಿಂಗೆ ಓಡಿಹೋದ ಗಂಡನ್ನ ನಾನು ನೋಡಿಲ್ಲ. ಯಾರ್ದೇ ಇದು, ಇಷ್ಟು ಸೋಮಾರಿ ಹೆಣ್ಣು?"

"ಅದೇನು ಹಳದಿ ಕಡ್ಡಿ? ಊದುಬತ್ತಿನಾ?" ಒಬ್ಬಳು ಕೇಳಿದಳು.

"ಕೊಳಲಿನ ತುಂಡಿರಬೇಕು."

"ಕೊಳಲು ಕಿವಿ ಮೇಲೆ ಇಟ್ಕೊಂಡು ಊದ್ತಾರೇನೇ?"

ಆಗಲೇ ಖಾಂಗ್ ಎರಡೂ ಕೈಯಲ್ಲಿ ಗಾಜಿನ ಹಲಗೆ ಹಿಡಿದು ಒಳಗಿನಿಂದ ಬಂದ. ಅವನ ಕಿವಿಯ ಮೇಲೆ ಪೆನ್ಸಿಲು. ನಗು ಒಬ್ಬೊಬ್ಬರದಾಗಿ ನಿಂತಿತು. ಹೆಂಗಸರು ಅವನ ಕಿವಿ ನೋಡಿದರು, ಹಗ್ಗದ ಮೇಲಿನ ಬಟ್ಟೆ ನೋಡಿದರು, ಆಮೇಲೆ ಕಡುಬು ಹಿಡಿದು ನಿಂತಿದ್ದ ಮಿಯೆನ್‌ಳನ್ನು ನೋಡಿದರು. ಖಾಂಗ್ ಗಾಜನ್ನು ಗೋಡೆಗೊರಗಿಸಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಕಿವಿ ಮುಟ್ಟಿ ನೋಡಿಕೊಂಡ.

ಭೂಮಿ ಬಾಯಿ ಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಮಿಯೆನ್ ಕಾಲಡಿ ನೋಡಿಕೊಂಡಳು. ಭೂಮಿ ಗಟ್ಟಿಯಾಗಿಯೇ ಇತ್ತು. ಅವಳು ಕಡುಬನ್ನು ಬೆಂಚಿನ ಮೇಲಿಟ್ಟು ತಿರುಗಿ ನಡೆದಳು. ಹಿಂದಿನಿಂದ ಅವನು ಹೆಸರು ಹಿಡಿದು ಕರೆದದ್ದು ಕೇಳಿಸಿತು. ನಡೆಯುತ್ತಿದ್ದವಳು ಓಡಿದಳು.

ನಾಚಿಕೆ ಒಂದಲ್ಲ, ಮೂರು. ಮುಗಿಸದಿದ್ದದ್ದು ಒಂದು, ಸುಳ್ಳು ಹೇಳಿದ್ದು ಇನ್ನೊಂದು. ಅವೆರಡನ್ನೂ ಹೇಗೋ ನುಂಗಬಹುದಿತ್ತು. ಆದರೆ ಕೇಳದವನ ಮುಂದೆ, ಕೇಳಬಾರದವರ ಮುಂದೆ, ಮನಸ್ಸು ಹಗ್ಗಕ್ಕೆ ನೇತುಬಿದ್ದು ಒಣಗಿದ್ದನ್ನು ಯಾವ ಬಾಯಿಂದ ನುಂಗುವುದು?

ಟಿಕೆಟ್ ಕಿಟಕಿಗೆ ಅವಳು ರಟ್ಟು ಅಡ್ಡ ಕಟ್ಟಿದಳು, ಕೆಳಗೆ ಕೈ ತೂರುವಷ್ಟೇ ಜಾಗ ಬಿಟ್ಟು. "ಬಿಸಿಲು," ಎಂದಳು ತಾಮ್ ಮಾಮನಿಗೆ.

"ಬಿಸಿಲು ಆ ಕಡೆಯಿಂದ ಬರತ್ತೆ ಕಣಮ್ಮ," ಎಂದ ಅವನು.

ಖಾಂಗ್ ಹಬ್ಬದ ತನಕ ದಾಟಿ ಬರಲೇ ಇಲ್ಲ. ಹಬ್ಬ ಬಂತು, ಹೋಯಿತು. ದೋಣಿ ಚಿತ್ರಕ್ಕೆಂದು ಗೋಡೆಗೆ ಹೊಡೆದಿದ್ದ ಮೊಳೆಗೆ ಅಮ್ಮ ಕ್ಯಾಲೆಂಡರ್ ತೂಗುಹಾಕಿದಳು. ಬಿಸ್ಕತ್ತಿನ ಡಬ್ಬಿಯನ್ನು ಮಿಯೆನ್ ತೆರೆಯಲಿಲ್ಲ. ಕುದುರೆಗಳನ್ನು ನೋಡಿದರೂ ಅವು ನಗುತ್ತಿವೆ ಎನಿಸುತ್ತಿತ್ತು.

ಸೇತುವೆ ತೆರೆದ ದಿನ ಊರೆಲ್ಲ ಅದನ್ನು ದಾಟಲು ಹೋಯಿತು. ಲಾಂಚಿನಲ್ಲಿ ಕೋಳಿ ಬುಟ್ಟಿಯ ಮುದುಕಿಯರು ನಾಲ್ಕು ಜನ. ಇಳಿಬಿಸಿಲಿನ ಲಾಂಚೇ ಕೊನೆಯದು. ಆಚೆ ದಡದಿಂದ ಅದು ಬಂದು ನಿಂತ ಸ್ವಲ್ಪ ಹೊತ್ತಿಗೆ ರಟ್ಟಿನ ಕೆಳಗಿನಿಂದ ಒಂದು ಕೈ ಒಳಗೆ ಬಂತು. ಹೆಬ್ಬೆರಳಿಗೆ ಒಣಗಿದ ಗೋಂದು.

"ವಾಪಸ್ಸಿಗೆ ಒಂದು ಟಿಕೆಟ್. ಫ್ರೇಮಿಗೂ ಬೇಕಾ?"

ಅವಳ ಕೈ ಟಿಕೆಟ್ ಪುಸ್ತಕದ ಮೇಲೆಯೇ ನಿಂತಿತು. ಮುಖ ಕಾಣದಿದ್ದರಿಂದ ಮಾತು ಬಂತು.

"ನಾನು ಸುಳ್ಳು ಹೇಳಿದೆ. ಮುಗಿದಿರ್ಲಿಲ್ಲ. ತೊಳೆದೂ ಇರ್ಲಿಲ್ಲ. ನಾನು ಯಾವತ್ತೂ ಏನೂ ಮುಗಿಸಿಲ್ಲ."

"ಗೊತ್ತಾಯ್ತು."

"ಎಲ್ರೂ ನಕ್ರು."

"ನಕ್ಕಿದ್ದು ನನ್ನ ನೋಡಿ. ನೀವು ಹೋದ್ಮೇಲೆ ಅತ್ತೆ ನನ್ನನ್ನ ಬಟ್ಟೆ ಪಕ್ಕ ನಿಲ್ಲಿಸಿ, ಪೆನ್ಸಿಲು ಅಳತೆಗೆ ಸರಿಯಾಗಿದೆಯಾ ಅಂತ ಎಲ್ರಿಗೂ ತೋರಿಸಿದ್ಲು. ಈಗ ಗಿರಾಕಿಗಳು ಬಂದ್ರೆ ಮೊದ್ಲು ನನ್ನ ಕಿವಿ ನೋಡ್ತಾರೆ."

ಅವಳ ಕಣ್ಣಲ್ಲಿ ನೀರಿತ್ತು, ನಗುವೂ ಬರುತ್ತಿತ್ತು, ಎರಡಕ್ಕೂ ನಾಚಿಕೆಯಾಯಿತು.

"ಆಮೇಲೆ ಯಾಕೆ ಬರ್ಲಿಲ್ಲ?" ಎಂದು ಕೊನೆಗೆ ಕೇಳಿದಳು.

"ನನಗೂ ನಾಚಿಕೆ ಅನ್ನೋದು ಇರಲ್ವಾ? ಆ ರಟ್ಟು ತೆಗೀರಿ. ಒಂದು ತೋರಿಸ್ಬೇಕು."

ಅವಳು ರಟ್ಟು ತೆಗೆದಳು. ಖಾಂಗ್ ಕಿಟಕಿಯ ಕಟ್ಟೆಯ ಮೇಲೆ ಫ್ರೇಮನ್ನು ನಿಲ್ಲಿಸಿ, ಮೂಲೆಗೆ ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚುತ್ತಿದ್ದ. ಮರ ಚಕ್ಕೆ ಎದ್ದಿತ್ತು, ಹಗ್ಗ ಉಜ್ಜಿ ಉಜ್ಜಿ ಬಣ್ಣ ಹೋಗಿತ್ತು.

"ಹೋದ ಮಳೆಗಾಲದಿಂದ ನಾನು ಹೊತ್ಕೊಂಡು ಓಡಾಡ್ತಿರೋದು ಇದೊಂದೇ ಫ್ರೇಮು," ಎಂದ. ತಲೆ ತಗ್ಗಿತ್ತು. "ಈ ದಡದಲ್ಲಿ ನನಗೆ ಯಾವ ಕೆಲ್ಸಾನೂ ಇಲ್ಲ. ಗಿರಾಕಿಗಳೇ ಅಂಗಡಿಗೆ ಬರ್ತಾರೆ. ನಾನು ಇಲ್ಲಿಗೆ ಬರೋದು, ಆ ಮರದ ಕೆಳಗೆ ಒಂದು ಐಸ್ ಕಾಫಿ ಕುಡಿಯೋದು, ನಿಮ್ಮ ಹತ್ರ ವಾಪಸ್ ಟಿಕೆಟ್ ತಗೊಳೋದು. ಬರೀ ಕೈಲಿ ಬಂದ್ರೆ ನಿಮಗೆ ಅನುಮಾನ ಬರತ್ತೆ ಅಂತ ಫ್ರೇಮು. ಅಳತೆ ನೋಡಿ. ನಿಮ್ಮ ದೋಣಿ ಚಿತ್ರಕ್ಕೇ ಮಾಡಿದ್ದು."

ಮಿಯೆನ್ ನೋಡಿದಳು. ಇಷ್ಟು ದಿನ ಅದೇ ಕೆಂಪು ಬಟ್ಟೆ ಕಣ್ಣೆದುರೇ ಹೋಗಿ ಬಂದು ಮಾಡಿತ್ತು. ಒಂದೊಂದು ಚೌಕವನ್ನೂ ಎಣಿಸಿ ಹೊಲಿಯುವ ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ದಿನಾ ಕೇಳ್ತಿದ್ದೆ, ಯಾರಿಗೆ ಫ್ರೇಮು ಅಂತ. ಗಿರಾಕಿಗೆ ಅಂತಿದ್ರಿ."

"ಗಿರಾಕಿ ನೀವೇ ಅಲ್ವಾ. ಚಿತ್ರ ಮುಗಿಸ್ಲಿಲ್ಲ, ಅಷ್ಟೆ."

ಅವನು ಅಂಗಿಯೊಳಗಿನಿಂದ ಬಟ್ಟೆಯ ಸುರುಳಿ ತೆಗೆದು ಅವಳ ಮುಂದಿಟ್ಟ. ಇಸ್ತ್ರಿ ಮಾಡಿತ್ತು. ಬಿಳಿ ಖಾಲಿ ಹಾಗೆಯೇ ಇತ್ತು.

"ಅಚ್ಚು ಹೋಯ್ತು. ಇನ್ನು ಏನು ನೋಡ್ಕೊಂಡು ಹೊಲೀತೀರಿ?"

"ಬಟ್ಟೆ ಜೊತೆ ಬಂದ ಚಾರ್ಟ್ ಇದೆ."

"ಅದರಲ್ಲಿ ಕೊಳಲಿನವನಿದ್ದಾನೆ. ಪೆನ್ಸಿಲಿನವನಿಲ್ಲ."

ಲಾಂಚು ಹಾರ್ನ್ ಹೊಡೆಯಿತು. ತಾಮ್ ಮಾಮ ಹಗ್ಗ ಕೈಯಲ್ಲಿ ಹಿಡಿದು ಇತ್ತ ನೋಡುತ್ತಿದ್ದ. "ಏ ಹುಡುಗ, ಬರ್ತೀಯೋ ಇಲ್ವೋ? ಇದೇ ಕೊನೇದು, ಆಮೇಲೆ ಅತ್ತರೂ ಬರಲ್ಲ," ಎಂದು ಕೂಗಿದ.

ಖಾಂಗ್ ಪ್ಲಾಸ್ಟಿಕ್ ಸ್ಟೂಲು ಎಳೆದು ಕಿಟಕಿಯ ಮುಂದೆ ಹಾಕಿಕೊಂಡು, ಪೆನ್ಸಿಲು ಇರುವ ಕಿವಿ ಅವಳ ಕಡೆಗೆ ಬರುವಂತೆ ಓರೆಯಾಗಿ ಕೂತ.

"ಇಷ್ಟು ಸಾಕಾ, ಇನ್ನೂ ತಿರುಗ್ಲಾ?"

"ಲಾಂಚು ಹೋಗ್ತಿದೆ ಖಾಂಗ್," ಎಂದಳು ಮಿಯೆನ್.

"ಹೋಗ್ಲಿ. ಸೇತುವೆ ಇದೆಯಲ್ಲ."

ಹಗ್ಗ ಬಿಚ್ಚಿಕೊಂಡಿತು. ಲಾಂಚು ದಡ ಬಿಟ್ಟು ಹೋಗುವ ಸದ್ದು ಕೇಳುತ್ತ ಅವಳು ಮೇಜಿನಡಿಯ ಡಬ್ಬಿ ತೆಗೆದಳು. ಕಂದು ದಾರ ಹುಡುಕಿದಳು. ಸೂಜಿಗೆ ಪೋಣಿಸುವಾಗ ಕೈ ಎರಡು ಸಲ ತಪ್ಪಿತು, ಅವನು ನೋಡಿ ನಗಲು ಹೊರಟ. ಎಡಗಣ್ಣಿನ ಮೂಲೆ ಮಡಚಿಕೊಂಡಿತು.

"ಅಲುಗಬೇಡ," ಎಂದಳು ಅವಳು. "ಹಾಗೇ ಇರು. ಈ ಸಲ ಮುಗಿಸ್ತೀನಿ."