ದಾಲ್ಚಿನ್ನಿ ಹಾಕಿದ ಚಹಾ

ನಾಲ್ಕು ತಿಂಗಳಿಂದ ರೂಪಾಲಿ ಬಸವಕಿರಣನ ಎದುರು ಮಾಸ್ಕ್ ತೆಗೆದಿರಲಿಲ್ಲ. ಇವತ್ತು ಬಸವಕಲ್ಯಾಣದಿಂದ ಬಂದ ಬಸ್ಸಿಳಿದು ಹುಮನಾಬಾದಿನ ದಂತವೈದ್ಯೆ ಸರ್ವರಿಯವರ ಕ್ಲಿನಿಕ್ಕಿನಲ್ಲಿ ಕೂತಾಗಲೂ ಅವನಿಗೆ ಕಾಣುತ್ತಿದ್ದುದು ಅವಳ ಕಣ್ಣು ಮಾತ್ರ. ಅವು ಒಮ್ಮೆ ಅವನತ್ತ ಹೊರಳಿ ಮತ್ತೆ ನೆಲ ನೋಡಿದವು.

“ಮಾರಿ ತೋರಸಾಕ ಎಷ್ಟು ನಖರಾ ನಿಂದು?” ಎಂದು ಅವನು ಕೆಣಕಿದ.

“ನೋಡಿದರ ಓಡಿ ಹೋಗ್ತಿ.”

ಸೋಮವಾರ ಅವರ ಸಾಖರಪುಡಾ. ಎಲ್ಲರೆದುರು ಹುಡುಗಿಯ ಬಾಯಿಗೆ ಸಕ್ಕರೆ ಇಟ್ಟು ಮದುವೆ ಗಟ್ಟಿಮಾಡುವ ದಿನ. ರೂಪಾಲಿಯ ಊದಿದ ತುಟಿ ಗಂಡಿನ ಕಡೆಯವರಿಗೆ ಕಂಡರೆ ಸಂಬಂಧ ಮುರಿದೀತೆಂದು ಅವಳ ತಾಯಿ ಕಸ್ತೂರಿಬಾಯಿ ದಿನಾ ದೃಷ್ಟಿ ತೆಗೆಯುತ್ತಿದ್ದಳು. ತುಟಿಯ ಚೂರು ಪರೀಕ್ಷೆಗೆ ಹೋಗಿ ಹತ್ತು ದಿನವಾಗಿತ್ತು. ಕ್ಯಾನ್ಸರ್ ಎಂಬ ಮಾತನ್ನು ರೂಪಾಲಿಯಾಗಲಿ ಅವನಾಗಲಿ ಬಾಯಿಬಿಟ್ಟು ಆಡಿರಲಿಲ್ಲ.

ಸರ್ವರಿ ರಿಪೋರ್ಟನ್ನು ಎರಡು ಸಲ ಓದಿದರು.

“ಕ್ಯಾನ್ಸರ್ ಅಲ್ಲ, ಟಿಬಿನೂ ಕಾಣಂಗಿಲ್ಲ. ಭಾಳ ಅಪರೂಪದ ಉರಿಯೂತ. ತುಟಿಗೇ ಇಂಜೆಕ್ಷನ್ ಕೊಡಬೇಕಾಗ್ತದ. ಕೆಲವರಿಗೆ ದಾಲ್ಚಿನ್ನಿ ತಿಂದರ ಇದು ಏರ್ತದ. ನೀವು ತಿಂತೀರೇನು?”

ರೂಪಾಲಿ ಬಸವಕಿರಣನತ್ತ ನೋಡಿದಳು. ಅವನದು ಮಸಾಲೆ ಗಿರಣಿ. ದಾಲ್ಚಿನ್ನಿಯ ವಾಸನೆ ಚಂದ ಎಂದು ಅವಳು ಒಮ್ಮೆ ಅಂದಿದ್ದೇ ತಡ, ವಾರಕ್ಕೊಂದು ಚಹಾ ಮಸಾಲೆಯ ಪೊಟ್ಟಣ ಕಳಿಸತೊಡಗಿದ್ದ. ಅವಳಿಗೆಂದೇ ದಾಲ್ಚಿನ್ನಿ ಎರಡು ಪಟ್ಟು.

“ನಾನೇ ಕಳಸ್ತಿದ್ದೆ ಡಾಕ್ಟರ್. ನಂದೇ ತಪ್ಪು.”

“ಅದರಿಂದಾನೇ ಬಂತು ಅಂತ ಹೇಳಾಕ ಬರಂಗಿಲ್ಲ. ಈಗಿಂದ ಬಂದ್ ಮಾಡ್ರಿ. ಬಾವು ಇಳಿದರೂ ಮತ್ತ ಬರಬಹುದು, ಅದೂ ಗೊತ್ತಿರಲಿ.”

ಅವನು ರೂಪಾಲಿಯತ್ತ ತಿರುಗಿದ. “ತುಟಿ ಉರಿದಿರಬೇಕಲ್ಲ, ಯಾಕ ಕುಡದಿ?”

“ನೀ ಕಳಿಸಿದ್ದು ಚೆಲ್ಲಾಕ ಮನಸ್ಸಾಗಲಿಲ್ಲ.”

ಸರ್ವರಿ ಸೂಜಿಗೆ ಔಷಧ ತುಂಬಿದರು. ಹೊರಗೆ ಹೋಗೆಂದು ರೂಪಾಲಿ ಅವನಿಗೆ ಬಾಗಿಲು ತೋರಿಸಿದಳು. ಅವನು ಕದಲಲಿಲ್ಲ. ಆಗ ಅವಳು ಅವನನ್ನೇ ದಿಟ್ಟಿಸಿ, ಒಂದೊಂದೇ ಕಿವಿಯಿಂದ ಮಾಸ್ಕ್ ಬಿಡಿಸಿದಳು. ಕೆಳತುಟಿ ಬಾತು ನಡುವೆ ಸೀಳಿತ್ತು. ಅವನು ಕಣ್ಣು ತಪ್ಪಿಸಲಿಲ್ಲ.

“ಸೋಮವಾರದೊಳಗ ಇಳಿಯಂಗಿಲ್ಲ ಇದು,” ಎಂದಳು.

“ಇಳೀದಿದ್ದರೇನಾತು? ಮೆಲ್ಲಕ ಇಡ್ತೀನಿ ಸಕ್ಕರಿ.”

ಅವಳ ಕೈ ಹಿಡಿಯಲು ಹೋದವನಿಗೆ ತನ್ನ ಬೆರಳಿನ ದಾಲ್ಚಿನ್ನಿ ವಾಸನೆ ಮೂಗಿಗೆ ಬಡಿಯಿತು. ಹೆದರಿ ಕೈ ಹಿಂದೆಳೆದು, ಮೂಲೆಯ ನಲ್ಲಿಗೆ ಹೋಗಿ ಸಾಬೂನು ಹಚ್ಚಿ ಎರಡೆರಡು ಸಲ ತೊಳೆದ. ವಾಸನೆ ಹೋಗಲೇ ಇಲ್ಲ. ಸೂಜಿ ತುಟಿಯ ಹತ್ತಿರ ಬಂದಿತ್ತು.

“ಓಡಿ ಹೋದಿ ನೋಡು,” ಎಂದಳು ರೂಪಾಲಿ, ಕಣ್ಣು ಮುಚ್ಚಿಕೊಂಡೇ.

ಅವನು ಒದ್ದೆ ಕೈಯಲ್ಲೇ ಬಂದು ಅವಳ ಕೈ ಹಿಡಿದ.